ಹೊತ್ತು ಮುಳುಗಿದ ಮೇಲೆ ಒಂದು ಚಮಚ

ಬೆಳಗಿನ ಕಾಫಿ ಮುಗಿಸಿ ಲೋಟ ಕೆಳಗಿಟ್ಟ ಮೇಲೂ ಜಿನಚಂದ್ರನಿಗೆ ತನ್ನ ಬಲಗೈಯ ಎರಡು ಬೆರಳುಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಪಂಚೆಗೆ ಒರೆಸಿದ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಕೇಣಿಚಿರದಲ್ಲಿ ಬಸ್ಸು ಹತ್ತಿ ಕೂತ ಮೇಲೆ ತೊಡೆಯಡಿಗೆ ಸೇರಿಸಿಕೊಂಡ. ರಾತ್ರಿ ಎರಡು ಗಂಟೆಗೆ ಆ ಹೆಬ್ಬೆರಳೂ ಆ ತೋರುಬೆರಳೂ ನಾಲ್ಕೂವರೆ ವರ್ಷದ ಮಗಳ ಮೂಗನ್ನು ಹಿಡಿದು ಒತ್ತಿದ್ದವು. ಮೂಗು ಹಿಡಿದರೆ ಬಾಯಿ ತೆರೆಯಲೇಬೇಕು, ತೆರೆದ ಕೂಡಲೇ ಮದ್ದು ಹುಯ್ಯಬಹುದು ಎಂಬುದು ಆ ಹೊತ್ತಿನ ಬುದ್ಧಿ. ಕರುವಿಗೆ ಗೊಟ್ಟದಲ್ಲಿ ಮದ್ದು ಕುಡಿಸುವವರ ಬುದ್ಧಿ. ಉಸಿರು ಸಾಲದೆ ಒದ್ದಾಡುತ್ತಿದ್ದ ಮಗುವಿನ ಇದ್ದ ಉಸಿರನ್ನೂ ತಡೆದಿದ್ದ. ಆದರೆ ಸುಮತಿ ಬಾಯಿ ತೆರೆಯಲಿಲ್ಲ. ಹಲ್ಲು ಕಚ್ಚಿಕೊಂಡು, ಕಣ್ಣನ್ನು ಇಷ್ಟಗಲ ಮಾಡಿಕೊಂಡು ಅಪ್ಪನ ಮುಖವನ್ನೇ ನೋಡುತ್ತ ಇದ್ದಳು. ಆ ಕಣ್ಣಿನಲ್ಲಿ ಹೆದರಿಕೆ ಇತ್ತು, ಆದರೆ ಅದು ತನಗಾಗಿ ಹೆದರಿದ ಹೆದರಿಕೆಯಲ್ಲ ಎಂದು ಅವನಿಗೆ ಯಾಕೋ ಅನ್ನಿಸಿತ್ತು. ತುಟಿಯ ಸುತ್ತ ಬಣ್ಣ ತಿರುಗತೊಡಗಿದಾಗ ವಿಮಲ ಅವನ ಕೈಮೇಲೆ ಹೊಡೆದಳು. ಮದುವೆಯಾಗಿ ಏಳು ವರ್ಷದಲ್ಲಿ ಹೆಂಡತಿ ಅವನ ಮೇಲೆ ಕೈ ಮಾಡಿದ್ದು ಅದೇ ಮೊದಲು. ಚಮಚ ಹಾರಿ ಗೋಡೆಗೆ ಬಡಿದು ಕೆಂಪು ಮದ್ದು ಹಾಸಿಗೆಯ ಮೇಲೆಲ್ಲ ಚೆಲ್ಲಿತು. ಆಮೇಲೆ ಬೆಳಗಿನವರೆಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ವಿಮಲ ಒಳಗೆ ಹೊರಗೆ ಅಡ್ಡಾಡಿದಳು, ಅವನು ಚೆಲ್ಲಿದ ಮದ್ದನ್ನು ಒರೆಸುತ್ತ ಕೂತಿದ್ದ.

ಪನಮರದ ಡಾಕ್ಟರ ಕ್ಲಿನಿಕ್ಕಿನ ಬೋರ್ಡಿನ ಕೊನೆಯ ಸಾಲಿನಲ್ಲಿ ಹಳೆಯ ಜಿಲ್ಲೆಯ ಹೆಸರಿಗೆ ಬಿಳಿ ಬಣ್ಣ ಬಳಿದು ವಯನಾಡು ಎಂದು ಬರೆದು ಒಂದು ವರ್ಷವಾಗಿತ್ತು. ಬಿಳಿಯಡಿಯಿಂದ ಹಳೆಯ ಅಕ್ಷರಗಳು ಮತ್ತೆ ಮೂಡಿಕೊಂಡಿದ್ದವು. ಜಿಲ್ಲೆ ಬಂದರೆ ದೊಡ್ಡ ಆಸ್ಪತ್ರೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಸದ್ಯಕ್ಕೆ ಉಸಿರು ಕಟ್ಟಿದವರು ಈಗಲೂ ಚುರ ಇಳಿದು, ಆ ಘಾಟಿಯ ತಿರುವುಗಳನ್ನೆಲ್ಲ ದಾಟಿ ಕೋಯಿಕ್ಕೋಡಿಗೇ ಹೋಗಬೇಕಿತ್ತು. ಡಾಕ್ಟರು ಸುಮತಿಯ ಬೆನ್ನಿಗೆ ಕೊಳವೆ ಇಟ್ಟು ಕೇಳಿದರು, ಗಲ್ಲ ಹಿಡಿದು ಮುಖ ಎತ್ತಿದರು, ಮೂಗಿನ ಎರಡೂ ಕಡೆಯಲ್ಲಿದ್ದ ಉಗುರಿನ ಗುರುತನ್ನು ನೋಡಿ ನಿಲ್ಲಿಸಿದರು.

"ಇದೆಂದಾ? ಏನಿದು?"

"ಬಿದ್ದಳು," ಎಂದ ಜಿನಚಂದ್ರ. ವಿಮಲ ಸೆರಗು ಸರಿಮಾಡಿಕೊಂಡಳು. ಸುಮತಿ ಮಾತ್ರ ಅಪ್ಪನ ಕಡೆ ತಿರುಗಿ, ತಾನು ಎಲ್ಲಿ ಬಿದ್ದೆನೆಂದು ನೆನಪು ಮಾಡಿಕೊಳ್ಳುವವಳ ಹಾಗೆ ಹುಬ್ಬು ಗಂಟಿಕ್ಕಿದಳು. ಅದಕ್ಕಿಂತ ಹೆಚ್ಚಿನ ಅವಮಾನ ಆಮೇಲೆ ಕಾದಿತ್ತು. ಕಂಪೌಂಡರ್ ಅದೇ ಕೆಂಪು ಮದ್ದನ್ನು ಚಮಚಕ್ಕೆ ಹುಯ್ದು ಹಿಡಿದದ್ದೇ ತಡ, ಮಗು ಗುಟುಕ್ಕನೆ ಕುಡಿದು ಚಮಚವನ್ನೂ ನೆಕ್ಕಿತು. ಕಂಪೌಂಡರ್ ನಕ್ಕ. ಇಷ್ಟು ಒಳ್ಳೆಯ ಮಗುವಿನ ಬಗ್ಗೆ ಚಾಡಿ ಹೇಳಲು ಬಂದ ಅಪ್ಪನಂತೆ ಜಿನಚಂದ್ರ ನಿಂತಿದ್ದ. ಹಗಲಿನಲ್ಲಿ ಹೀಗೆಯೇ, ರಾತ್ರಿ ಮಾತ್ರ ಬಾಯಿಗೆ ಬೀಗ ಎಂದು ವಿಮಲ ಹೇಳಿದಾಗ ಡಾಕ್ಟರು ಚೀಟಿಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದರು. "ನೀವು ಜೈನರಲ್ಲವಾ? ಹೊತ್ತು ಮುಳುಗಿದ ಮೇಲೆ ಏನೂ ತಿನ್ನೂದಿಲ್ಲ. ಮನೆಯಲ್ಲಿ ಮುದುಕರು ಯಾರೋ ಕಲಿಸಿರ್ತಾರೆ." ಹಾಗಾದರೆ ಸಂಜೆ ಬೆಳಕಿರುವಾಗಲೇ ಕೊಟ್ಟರಾಗದೇ ಎಂದು ಜಿನಚಂದ್ರ ಕೇಳಿದ. ಆರು ಗಂಟೆಗೆ ಕೊಟ್ಟ ಮದ್ದಿನ ಕೆಲಸ ನಡುರಾತ್ರಿಗೆ ಮುಗಿದಿರುತ್ತದೆ, ಇವಳಿಗೆ ಕಷ್ಟ ಶುರುವಾಗುವುದೇ ಆಮೇಲೆ. ರಾತ್ರಿ ಎಂಟಕ್ಕೊಂದು ಚಮಚ, ಎರಡಕ್ಕೊಂದು ಚಮಚ, ತಪ್ಪಬಾರದು ಎಂದರು ಡಾಕ್ಟರು. ಅಳುವಾಗ ಬಲವಂತ ಮಾಡಿದರೆ ಮದ್ದು ಶ್ವಾಸಕ್ಕೆ ಇಳಿಯುತ್ತದೆ, ಹಾಗೆ ಮಾಡಕೂಡದು. ನಿನ್ನೆಯಂಥ ರಾತ್ರಿ ಇನ್ನೊಂದು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಗಾಡಿ ಹಿಡಿದು ಚುರ ಇಳಿಯಿರಿ. ಇದನ್ನು ಹೇಳುವಾಗ ಅವರ ದನಿ ಸ್ವಲ್ಪವೂ ಏರಲಿಲ್ಲ, ಅದೇ ಜಿನಚಂದ್ರನನ್ನು ಹೆಚ್ಚು ಹೆದರಿಸಿತು.

ಬಸ್ಸಿಳಿದು ವಿಮಲ ಮಗುವನ್ನೆತ್ತಿಕೊಂಡು ಮುಂದೆ ಮುಂದೆ ನಡೆದಳು. ಹೊಸಿಲು ದಾಟಿದವಳೇ ಅಡುಗೆಮನೆಯಲ್ಲಿ ನೀರು ಸೋಸುತ್ತಿದ್ದ ಅತ್ತೆಯ ಎದುರು ನಿಂತಳು. ರತ್ನಮ್ಮ ಕೊಡದ ಬಾಯಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ಬಿಚ್ಚಿ, ಅದಕ್ಕಂಟಿದ ಕಣ್ಣಿಗೆ ಕಾಣುವ ಕಾಣದ ಜೀವಗಳನ್ನೆಲ್ಲ ಬಾವಿಯ ನೀರಿಗೇ ತಿರುಗಿ ಬಿಡಲು ತಂಬಿಗೆಯಲ್ಲಿ ಜಾಲಿಸುತ್ತಿದ್ದಳು. ನಲವತ್ತು ವರ್ಷದಿಂದ ದಿನವೂ ಮಾಡುತ್ತಿದ್ದ ಕೆಲಸ. ನಲವತ್ತು ವರ್ಷದಿಂದ ಹೊತ್ತು ಮುಳುಗಿದ ಮೇಲೆ ಅವಳ ಬಾಯಿಗೆ ಒಂದು ತೊಟ್ಟು ನೀರೂ ಹೋದದ್ದಿಲ್ಲ. ಗಂಡ ಸತ್ತ ದಿನ ಅತ್ತು ಅತ್ತು ನಾಲಿಗೆ ಅಂಟಿಕೊಂಡಾಗಲೂ ಇಲ್ಲ.

"ಅತ್ತೆ, ನಿಮ್ಮ ನೇಮ ನಿಮಗಿರ್ಲಿ. ಮಗೂಗೆ ಯಾಕೆ ಕಲಿಸಿದ್ರಿ?"

"ನಾನು ಕಲಿಸ್ಲಿಲ್ಲ ವಿಮಲ. ಮಕ್ಕಳಿಗೂ ಕಾಯಿಲೆಯವರಿಗೂ ನೇಮ ಇಲ್ಲ. ಅಷ್ಟು ನಂಗೆ ಗೊತ್ತುಂಟು."

"ಮತ್ತೆ ಆಕಾಶದಿಂದ ಬಿತ್ತಾ? ನಾಳೆ ಇವಳಿಗೇನಾದ್ರೂ ಆದ್ರೆ ಆ ಪಾಪ ಯಾವ ಬಟ್ಟೇಲಿ ಸೋಸ್ತೀರಿ?"

ರತ್ನಮ್ಮ ಮಗನ ಕಡೆ ನೋಡಿದಳು. ಒಂದು ಮಾತು ಸಾಕಿತ್ತು, ಅಮ್ಮ ಅಂಥವಳಲ್ಲ ವಿಮಲ ಎಂದು. ಜಿನಚಂದ್ರ ಮದ್ದಿನ ಬಾಟಲಿಯನ್ನು ಗೂಡಿನಲ್ಲಿಟ್ಟು, ಅದು ನೆಟ್ಟಗೆ ನಿಂತಿದೆಯೋ ಇಲ್ಲವೋ ಎಂದು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಅಮ್ಮ ಕಲಿಸದಿದ್ದರೂ ಅಮ್ಮನನ್ನು ನೋಡಿ ಮಗು ಕಲಿತಿರಬಹುದಲ್ಲ, ಅದೂ ಅಮ್ಮನದೇ ಅಲ್ಲವೇ ಎಂದು ಮನಸ್ಸು ವಾದ ಹೂಡಿತು. ಆ ವಾದ ಅವನಿಗೆ ಹಿತವಾಗಿತ್ತು, ಮೂಗು ಹಿಡಿದ ಬೆರಳುಗಳಿಗೂ ಅದರಲ್ಲಿ ಸ್ವಲ್ಪ ನೆರಳು ಸಿಕ್ಕಿತು. ಊಟಕ್ಕೆ ಕೂತಾಗ ಮೂವರ ಎಲೆಯಲ್ಲೂ ಅನ್ನ ಉಳಿಯಿತು.

ಮಧ್ಯಾಹ್ನದ ಮೇಲೆ ಅಂಗಳದಲ್ಲಿ ಹರಡಿದ ಕಾಫಿಯನ್ನು ಅಮ್ಮಾಳು ಕಾಲಿನಿಂದ ಗೆರೆ ಎಳೆಯುತ್ತ ಮಗುಚುತ್ತಿದ್ದಳು. ಅವಳು ಈ ಮನೆಯ ಕೆಲಸಕ್ಕೆ ಬರತೊಡಗಿದಾಗ ಜಿನಚಂದ್ರನಿಗಿನ್ನೂ ಮೀಸೆ ಬಂದಿರಲಿಲ್ಲ. ಧನು ಮಾಸದ ಬಿಸಿಲು ನೋಡಲು ಚೆಂದ, ಮೈಗೆ ತಾಗುತ್ತಿರಲಿಲ್ಲ. ಗದ್ದೆಯಾಚೆಯ ಕಾಡಿನಂಚಿನಲ್ಲಿ ಮಂಜು ಆಗಲೇ ಬಂದು ಕಾಯುತ್ತಿತ್ತು. ಇವತ್ತು ಎಷ್ಟು ಗಂಟೆಗೆ ಕತ್ತಲಾಗುತ್ತದೆ ಎಂದು ಅವನು ಬೆಳಗಿನಿಂದ ನಾಲ್ಕು ಸಲ ಯೋಚಿಸಿದ್ದ. ಗೋಣಿಚೀಲಗಳ ರಾಶಿಯ ಹಿಂದೆ ನಿಂತು ಬೀಡಿಗೆ ತಡಕುತ್ತಿದ್ದಾಗ ಮಗಳ ದನಿ ಕೇಳಿಸಿತು.

"ಅಮ್ಮಾಳೂ, ಇಲ್ಲಿ ಕಿವಿ ಇಡು."

"ಎಂದಾ ಮೋಳೇ?" ಅಮ್ಮಾಳು ಬಗ್ಗಿ ಮಗುವಿನ ಎದೆಗೆ ಕಿವಿಯಿಟ್ಟಳು.

"ಈಗ ಕೇಳ್ಸಲ್ಲ. ಮಲಗ್ಯದೆ. ರಾತ್ರಿ ಎದ್ದು ಕೂಗ್ತದೆ."

"ಯಾರು?"

"ಹುಳ. ಚಿಕ್ಕದು. ಅದರಮ್ಮ ಹೊರಗದೆ, ಅದಕ್ಕೇ ಕೂಗೋದು. ಹಗಲು ಮದ್ದು ಕುಡಿದ್ರೆ ಏನಿಲ್ಲ, ಅದು ಮೂಲೇಲಿ ಮಲಗಿರ್ತದೆ. ರಾತ್ರಿ ಓಡಾಡ್ತಾ ಇರ್ತದಲ್ಲ, ಆಗ ಕುಡಿದ್ರೆ ಮೇಲೆ ಬಿದ್ದು ಮುಳುಗಿ ಸತ್ತೋಗ್ತದೆ. ಪಾವಂ, ಪಾಪದ್ದು."

"ಅಯ್ಯೋ ಮೋಳೇ, ಯಾರು ಹೇಳಿದ್ದು ಹಿಂಗೆ? ಅಜ್ಜಿಯಾ?"

ಜಿನಚಂದ್ರ ಕೆಮ್ಮಿದ. ಕೆಮ್ಮು ಬಂದಿರಲಿಲ್ಲ, ಆದರೂ ಕೆಮ್ಮಿದ, ಎರಡು ಸಲ. ಅಮ್ಮಾಳು ಸೆಟೆದು ನಿಂತು ಮತ್ತೆ ಕಾಫಿಗೆ ಕಾಲು ಹಾಕಿದಳು, ಸುಮತಿ ಕೆಂಪು ಹಣ್ಣುಗಳನ್ನು ಆರಿಸತೊಡಗಿದಳು. ಜಿನಚಂದ್ರ ಗೋಣಿಗೆ ಬೆನ್ನು ಕೊಟ್ಟು ನಿಂತ. ಏಳು ತಿಂಗಳ ಹಿಂದಿನ ಒಂದು ರಾತ್ರಿ ಅಂಗಳದಲ್ಲೇ ನಡೆದ ಹಾಗೆ ಕಣ್ಣೆದುರಿಗೆ ಬಂತು. ಮಳೆಗಾಲಕ್ಕೆ ಮೊದಲು, ಮದುವೆಯ ಊಟ ಮುಗಿಸಿ ದೊಡ್ಡಪ್ಪನ ಮಗ ಪದ್ಮಪ್ಪಣ್ಣ ಈ ಮನೆಯಲ್ಲಿ ಉಳಿದಿದ್ದ. ಬಸದಿಯ ಕೆಲಸಕ್ಕೆಲ್ಲ ಮುಂದೆ ನಿಲ್ಲುವವನು, ತನ್ನ ಮಕ್ಕಳು ನಾಲ್ಕನೆಯ ವರ್ಷದಿಂದಲೇ ರಾತ್ರಿ ತಿನ್ನುವುದಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳುವವನು. ಲಾಟೀನಿನ ಬೆಳಕಿನಲ್ಲಿ ಸುಮತಿ ಬಂದು, ಮದುವೆಮನೆಯಿಂದ ತಂದ ಉಂಡೆಯನ್ನು ಡಬ್ಬಿಯಿಂದ ತೆಗೆದು ಬಾಯಿಗಿಟ್ಟುಕೊಂಡಿದ್ದಳು. ಪದ್ಮಪ್ಪಣ್ಣ ಬರೀ ನೋಡಿದ. ಪನಮರಕ್ಕೆ ಹೋದಾಗಲೆಲ್ಲ ಜೀಪಿನ ಭಾಸ್ಕರನ ಜೊತೆ ರಾತ್ರಿ ಒಂಬತ್ತಕ್ಕೆ ಹೋಟೆಲಿನ ಹಿಂದಿನ ಬೆಂಚಿನಲ್ಲಿ ಕೂತು ಪರೋಟ ತಿಂದು ಬರುವ ಜಿನಚಂದ್ರನಿಗೆ ಆ ನೋಟ ತನ್ನ ಹೊಟ್ಟೆಯನ್ನೇ ಸೀಳಿ ನೋಡಿದ ಹಾಗಾಯಿತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಪದ್ಮಪ್ಪಣ್ಣನಿಗೆ ಕೇಳುವಂತೆ ಶುರುಮಾಡಿದ. ಕತ್ತಲಾದ ಮೇಲೆ ತಿಂದರೆ ಕಣ್ಣಿಗೆ ಕಾಣದ ಹುಳ ಬಾಯಿಂದ ಒಳಗೆ ಹೋಗ್ತದೆ. ಎದೆಯ ಗೂಡಿನಲ್ಲಿ ಸಿಕ್ಕಿಕೊಂಡು ಅಮ್ಮಾ ಅಮ್ಮಾ ಎಂದು ಕೂಗ್ತದೆ. ಆಮೇಲೆ ರಾತ್ರಿ ಏನು ನುಂಗಿದರೂ ಅದರ ತಲೆ ಮೇಲೇ ಬೀಳ್ತದೆ. ಮಾತು ತನ್ನಷ್ಟಕ್ಕೇ ಚೆನ್ನಾಗಿ ಬರುತ್ತಿತ್ತು, ಅವನಿಗೆ ಖುಷಿಯೇ ಆಗಿತ್ತು. ಮಕ್ಕಳಿಗೆ ಹೀಗೆ ಹೇಳಿಕೊಡಬೇಕು ನೋಡು ಎಂದು ಪದ್ಮಪ್ಪಣ್ಣ ತಲೆದೂಗಿದ. ಬಾಯಲ್ಲಿದ್ದ ಉಂಡೆಯನ್ನು ಅಷ್ಟರಲ್ಲಿ ನುಂಗಿಬಿಟ್ಟಿದ್ದ ಸುಮತಿ ಮಾತ್ರ ಎದೆ ಮುಟ್ಟಿಕೊಂಡು ಕೂತಿದ್ದಳು. ಮಳೆ ಹಿಡಿದ ಮೇಲೆ ಒಂದು ರಾತ್ರಿ ಅವಳ ಎದೆಯಲ್ಲಿ ಸಿಳ್ಳೆ ಶುರುವಾಯಿತು. ತಾನು ಹೇಳಿದ್ದನ್ನು ಮರೆತುಬಿಟ್ಟಿದ್ದ ಅವನು. ಅವಳಿಗೆ ಅದು ಪ್ರತಿ ರಾತ್ರಿ ಕೇಳಿಸುತ್ತಿತ್ತು.

ಹೇಳಿಬಿಡಬೇಕು, ಈಗಲೇ, ಎಂದು ಅಡುಗೆಮನೆಯ ಬಾಗಿಲಿಗೆ ಹೋದ. ವಿಮಲ ತಿರುಗಿ ನೋಡಿದಳು. ರಾತ್ರಿ ಹೊಡೆದ ಕೈಯಲ್ಲಿ ಸೌಟಿತ್ತು. ಒಂದು ಲೋಟ ಬಿಸಿನೀರು ಕೇಳಿ ಕುಡಿದು ಹೊರಗೆ ಬಂದ. ಮೂಗಿನ ಗುರುತಿಗೆ ಬಿದ್ದಳು ಎಂದವನು, ಇದಕ್ಕೇನನ್ನುವುದು? ರಸ್ತೆಯ ತನಕ ಹೋಗಿ ಬಂದರೆ ಧೈರ್ಯ ಬರಬಹುದೆಂದು ಹೊರಟರೆ ಅಲ್ಲಿ ಭಾಸ್ಕರನ್ ಜೀಪಿನ ಹಿಂದೆ ಕಾಫಿ ಮೂಟೆಗಳಿಗೆ ಹಗ್ಗ ಬಿಗಿಯುತ್ತಿದ್ದ.

"ರಾತ್ರಿ ಜೀಪು ಬೇಕಾಗಬಹುದು ಭಾಸ್ಕರಾ. ಮಗು."

"ಅಯ್ಯೋ ಗೌಡ್ರೇ, ಇವತ್ತು ಕೋಯಿಕ್ಕೋಡಿಗೆ ಓಟ ಉಂಟಲ್ಲ. ನಾಳೆ ಹತ್ತು ಗಂಟೆ ಆಗ್ತದೆ ಬರುವಾಗ. ಮದ್ದು ಕುಡಿಸಿ, ಶರಿಯಾಗ್ತದೆ."

ಜೀಪು ತಿರುವಿನಲ್ಲಿ ಮರೆಯಾಯಿತು. ಸುತ್ತ ಮೂರು ಮೈಲಿಯಲ್ಲಿ ರಾತ್ರಿ ಕರೆದರೆ ಬರುವ ಗಾಡಿ ಬೇರೆ ಇರಲಿಲ್ಲ. ಹೆಂಚಿನ ಮೇಲೆ ಬಿಸಿಲು ಇನ್ನೊಂದು ಗೇಣು ಉಳಿದಿತ್ತು.

ಐದು ಗಂಟೆಗೆ ರತ್ನಮ್ಮ ಎಂದಿನಂತೆ ಊಟಕ್ಕೆ ಕೂತಳು. ಎರಡು ತುತ್ತು ಉಂಡು, ಬಾಯಿ ಮುಕ್ಕಳಿಸಿ, ಜಗಲಿಯಲ್ಲಿದ್ದ ಮಗನ ಪಕ್ಕದಲ್ಲಿ ಬಂದು ಕೂತಳು. ಸೂರ್ಯ ಕಾಡಿನ ತಲೆಗೆ ತಾಗಿದ್ದ.

"ಜಿನಾ, ಒಂದು ಯೋಚನೆ ಮಾಡಿದೀನಿ. ನನ್ನ ನೋಡೇ ಅದು ಕಲ್ತಿದ್ರೆ, ನನ್ನ ನೋಡೇ ಬಿಡ್ಲಿ. ಎಂಟು ಗಂಟೆಗೆ ಅದರೆದುರು ನಾನೊಂದು ಚಮಚ ಕುಡೀತೀನಿ."

"ಅಮ್ಮಾ, ನಿನ್ನ ನೇಮ?"

"ಹೋಗ್ಲಿ. ಮಗೂಗಿಂತ ಹೆಚ್ಚಾ?" ಹಾಗೆಂದಳೇ ಹೊರತು ಕೈ ಜಪಸರದ ಒಂದೇ ಮಣಿಯನ್ನು ತಿರುಗಿಸುತ್ತಲೇ ಇತ್ತು. ಆ ಕೈಯನ್ನು ಹಿಡಿದುಕೊಂಡು, ಬೇಡಮ್ಮ, ಇದು ನಿನ್ನಿಂದ ಬಂದದ್ದಲ್ಲ, ನನ್ನಿಂದ ಬಂದದ್ದು ಎನ್ನಲು ಅವನಿಗೆ ಮೂರು ಗಂಟೆಯ ಸಮಯವಿತ್ತು. ಐದೂವರೆಗೆ ಹೇಳುತ್ತೇನೆಂದುಕೊಂಡ. ದೀಪ ಹಚ್ಚಿದ ಮೇಲೆ ಎಂದುಕೊಂಡ. ಆಮೇಲೆ ಇನ್ನೊಂದು ಯೋಚನೆ ಹುಳದಂತೆಯೇ ಒಳಗೆ ಹೊಕ್ಕಿತು: ಅಜ್ಜಿ ಕುಡಿದದ್ದನ್ನು ನೋಡಿ ಮಗುವೂ ಕುಡಿದುಬಿಟ್ಟರೆ? ಆಗ ಯಾರಿಗೂ ಏನೂ ಹೇಳಬೇಕಾಗಿಲ್ಲ. ನಲವತ್ತು ವರ್ಷದ ನೇಮ ಎದ್ದು ಅವನನ್ನು ಕಾಪಾಡುತ್ತದೆ. ನಾಚಿಕೆಯಿಂದ ಅವನ ಮೈ ಬಿಸಿಯಾಯಿತು, ಆದರೆ ನಾಚಿಕೆಯಾದ ಮಾತ್ರಕ್ಕೆ ಆ ಯೋಚನೆ ಹೋಗಲಿಲ್ಲ.

ಎಂಟು ಗಂಟೆಗೆ ಮಂಜು ಕಿಟಕಿಯ ಸರಳುಗಳ ತನಕ ಬಂದಿತ್ತು. ಹಾಸಿಗೆಯ ಮೇಲೆ ಸುಮತಿ, ಪಕ್ಕದಲ್ಲಿ ವಿಮಲ, ಎದುರಿಗೆ ಮಣೆಯ ಮೇಲೆ ರತ್ನಮ್ಮ. ಜಿನಚಂದ್ರ ಬಾಟಲಿ ಬಗ್ಗಿಸಿ ಚಮಚ ತುಂಬಿಸಿ ಅಮ್ಮನ ಕೈಗೆ ಕೊಟ್ಟ. ಅವಳು ಕಣ್ಣು ಮುಚ್ಚಿ ತುಟಿಯಲ್ಲೇ ಮಂತ್ರ ಹೇಳಿಕೊಂಡಳು. ಚಮಚ ಮೇಲೆದ್ದಿತು, ನಡುವೆ ಒಂದು ಸಲ ನಿಂತಿತು, ಅವಳು ಕಣ್ಣು ತೆರೆದು ಮಗನನ್ನು ನೋಡಿದಳು. ಈಗ, ಎಂದುಕೊಂಡ. ಅವನ ನಾಲಿಗೆ ಹಲ್ಲಿನ ಹಿಂದೆಯೇ ಇತ್ತು. ರತ್ನಮ್ಮ ನುಂಗಿದಳು. ಒಣಗಿದ ಗಂಟಲಿನಲ್ಲಿ ಅದು ಇಳಿದದ್ದು ಎಲ್ಲರಿಗೂ ಕಾಣಿಸಿತು.

"ನೋಡಿದ್ಯಾ ಮಗಾ? ಅಜ್ಜಿ ಕುಡಿದ್ಲು. ಏನೂ ಆಗ್ಲಿಲ್ಲ."

ಸುಮತಿ ಹಾಸಿಗೆಯಿಂದಿಳಿದು ಹೋಗಿ ಅಜ್ಜಿಯ ಎದೆಗೆ ಕಿವಿಯಿಟ್ಟಳು. ಬಹಳ ಹೊತ್ತು ಕೇಳಿದಳು. ತಲೆಯೆತ್ತಿದಾಗ ಕಣ್ಣು ತುಂಬಿತ್ತು.

"ಅಜ್ಜೀ, ನಿನ್ನೊಳಗಿದ್ದದ್ದು ಸತ್ತೋಯ್ತಾ?"

"ಏನು ಸತ್ತೋಯ್ತು?"

"ಹುಳ. ಅಪ್ಪ ಹೇಳಿತ್ತಲ್ಲ. ಪದ್ಮಪ್ಪ ದೊಡ್ಡಪ್ಪ ಬಂದಾಗ. ರಾತ್ರಿ ಏನು ನುಂಗಿದ್ರೂ ಅದರ ತಲೆ ಮೇಲೆ ಬೀಳ್ತದೆ ಅಂತ."

ವಿಮಲ ಗಂಡನ ಮುಖ ನೋಡಲಿಲ್ಲ, ಅವನ ಬೆರಳುಗಳನ್ನು ನೋಡಿದಳು. ರತ್ನಮ್ಮ ಖಾಲಿ ಚಮಚವನ್ನು ಮಡಿಲಲ್ಲಿಟ್ಟುಕೊಂಡು, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡಳು.

"ಮೊದ್ಲೇ ಹೇಳಿದ್ರೆ ನಾನು ಕುಡೀತಿರ್ಲಿಲ್ಲ, ಜಿನಾ," ಎಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. "ಆಯ್ತು. ಈಗ ನಿಜ ಏನು ಅಂತ ನೀನೇ ಹೇಳು ಅದಕ್ಕೆ."

ಅವನು ಮಗಳ ಮುಂದೆ ಮೊಣಕಾಲೂರಿ ಕೂತ. ಅಪ್ಪ ಸುಳ್ಳು ಹೇಳಿದ್ದು ಕಂದಾ, ಒಳಗೆ ಹುಳ ಇಲ್ಲ, ಏನೂ ಇಲ್ಲ ಎಂದ. ಸುಮತಿ ತಾಳ್ಮೆಯಿಂದ ಕೇಳಿದಳು. ಆಮೇಲೆ ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು ತನ್ನ ಎದೆಗೆ ಒತ್ತಿಕೊಂಡಳು. "ಸುಳ್ಳಲ್ಲ ಅಪ್ಪ. ಕೇಳು." ಅಂಗಿಯೊಳಗೆ, ತೆಳುವಾದ ಪಕ್ಕೆಲುಬಿನ ಹಿಂದೆ, ಅದು ಎದ್ದಿತ್ತು. ಎಂದೂ ನಡುರಾತ್ರಿಯ ಮೇಲೆ ಏಳುವುದು ಇವತ್ತು ಎಂಟು ಗಂಟೆಗೇ ಎದ್ದಿತ್ತು. ಸಣ್ಣ ಸಿಳ್ಳೆ, ನಿಂತು ನಿಂತು, ಯಾರನ್ನೋ ಕರೆಯುವ ಹಾಗೆಯೇ ಇತ್ತು. ಇದನ್ನು ಆರು ತಿಂಗಳು ಒಬ್ಬಳೇ ಕೇಳಿದ ಮಗುವಿಗೆ ಏನೂ ಇಲ್ಲ ಎಂದು ಹೇಳಲು ಅವನಲ್ಲಿ ಇನ್ನೇನು ಆಧಾರವಿತ್ತು? ಜೀಪು ಆಗಲೇ ಚುರ ಇಳಿದಿರುತ್ತದೆ. ಮಗಳ ಭುಜ ಉಸಿರಿನ ಜೊತೆ ಏರುತ್ತಿತ್ತು.

"ಹೌದು, ಉಂಟು," ಎಂದ. ರತ್ನಮ್ಮ ಮುಖ ತಿರುಗಿಸಿದಳು. "ಅದಕ್ಕೆ ಬಾಯಾರಿಕೆ ಆಗ್ಯದೆ. ಅದಕ್ಕೇ ಕೂಗೋದು. ಈ ಮದ್ದು ಅದಕ್ಕೇ ಕೊಟ್ಟದ್ದು ಡಾಕ್ಟ್ರು."

"ಸಾಯಲ್ವಾ?"

"ಸಾಯಲ್ಲ."

"ಆಣೆ?"

"ಆಣೆ."

ಅವನು ತುಂಬಿಸಿಕೊಟ್ಟ ಚಮಚವನ್ನು ಸುಮತಿ ತಾನೇ ಹಿಡಿದು, ನಿಧಾನವಾಗಿ, ಒಳಗಿರುವುದಕ್ಕೆ ನೋವಾಗದ ಹಾಗೆ ಸ್ವಲ್ಪ ಸ್ವಲ್ಪವೇ ಕುಡಿದಳು. ಕುಡಿದು ಎದೆ ಸವರಿಕೊಂಡು ಮಲಗಿದಳು. ವಿಮಲ ದೀಪ ಸಣ್ಣ ಮಾಡಿದಳು. ರತ್ನಮ್ಮ ಜಗಲಿಗೆ ಹೋಗಿ ಕತ್ತಲಲ್ಲಿ ಕೂತಳು. ಮಣಿ ಎಣಿಸುವ ಸದ್ದು ಬರಲಿಲ್ಲ.

ಜಿನಚಂದ್ರ ಗೋಡೆಗೊರಗಿ ಸಿಳ್ಳೆಯನ್ನೇ ಕೇಳುತ್ತ ಕೂತ. ಹತ್ತಕ್ಕೆ ಅದು ಇಳಿಯಿತು. ಹನ್ನೊಂದಕ್ಕೆ ಕಿವಿಯಿಟ್ಟರೆ ಮಾತ್ರ ಕೇಳುವಷ್ಟಾಯಿತು. ಆಮೇಲೆ ಅದೂ ಇಲ್ಲ. ತಿಂಗಳುಗಳ ಮೇಲೆ ಮೊದಲ ಸಲ ಮಗು ಎಲ್ಲ ಮಕ್ಕಳಂತೆ ಉಸಿರಾಡುತ್ತ ಮಲಗಿತ್ತು. ವಿಮಲ ಕೂತಲ್ಲೇ ನಿದ್ದೆ ಹೋಗಿದ್ದಳು. ಅವನಿಗೆ ಅಳು ಬಂತು, ಅತ್ತ, ಹಗುರವಾಯಿತು. ಬೆಳಗ್ಗೆ ಅಮ್ಮನ ಕಾಲು ಹಿಡಿಯಬೇಕು ಎಂದುಕೊಂಡ. ಎರಡು ಗಂಟೆಗೆ ಎರಡನೆಯ ಚಮಚ ತುಂಬಿಸಿ, ಮಗಳ ಹಣೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕರೆದ.

ಸುಮತಿ ಕಣ್ಣು ಬಿಟ್ಟಳು. ಅಪ್ಪನನ್ನು ನೋಡಿ ನಗಲು ಹೊರಟವಳು ನಡುವೆ ನಿಲ್ಲಿಸಿ ಕಿವಿಗೊಟ್ಟಳು. ಎದೆಯ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದು, ಬಿಟ್ಟು, ಮತ್ತೆ ಹಿಡಿದು ಕೇಳಿದಳು. ಒಳಗೆ ಏನೂ ಇರಲಿಲ್ಲ.

"ಅಪ್ಪಾ, ಅದು ಕೂಗ್ತಿಲ್ಲ."

"ನಿದ್ದೆ ಮಾಡ್ತಿರ್ಬೇಕು ಕಂದಾ."

"ರಾತ್ರಿ ಅದು ಮಲಗಲ್ಲ," ಎಂದಳು. "ಆಣೆ ಇಟ್ಟಿದ್ದೆ ನೀನು."

ಚಮಚ ಹಿಡಿದ ಕೈ ಮುಂದೆ ಬಂದದ್ದನ್ನು ನೋಡಿ ಅವಳು ಗೋಡೆಯ ತನಕ ಸರಿದಳು. ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಏನೋ ನೆನಪಾದವಳಂತೆ, ಅಪ್ಪನಿಗೆ ಸಿಗದ ಹಾಗೆ, ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಮೂಗನ್ನೂ ಮುಚ್ಚಿಕೊಂಡಳು. ಬೆಳಕು ಹರಿಯಲು ಇನ್ನೂ ನಾಲ್ಕು ಗಂಟೆ ಇತ್ತು.